ಥಂಡಿ ಊರಿನ ಬಾಣಂತನ

ಬೆಂಗಳೂರು ಥಂಡಿ ಊರು ಎನ್ನುವ ವಿಷಯದಲ್ಲಿ ನಮ್ಮ ಬಾಗಲಕೋಟೆ ಕಡೆಯವರಿಗೆ ಯಾವ ಅನುಮಾನವೂ ಇಲ್ಲ. ಇಲ್ಲಿಗೆ ಒಮ್ಮೆಯೂ ಬಾರದವರಿಗಂತೂ ಇಲ್ಲವೇ ಇಲ್ಲ. ನನ್ನ ಅವ್ವ ಆ ಎರಡನೆಯ ಗುಂಪಿಗೆ ಸೇರಿದವಳು. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ನನ್ನ ಬಾಣಂತನಕ್ಕೆಂದು ಬೆಂಗಳೂರಿನ ಉತ್ತರಹಳ್ಳಿಗೆ ಬಂದಿಳಿದಾಗ ಅವಳ ಸಾಮಾನಿನಲ್ಲಿ ದಪ್ಪ ಕೌದಿಗಳಿದ್ದವು, ಉಣ್ಣೆಯ ಶಾಲು ಇತ್ತು, ಕೂಸಿನ ತಲೆಗೆ ಕಟ್ಟುವ ಕುಂಚಿಗೆ ಇತ್ತು, ನನ್ನ ಕಿವಿಗೆ ತುರುಕಲು ಹತ್ತಿ ಇತ್ತು, ಅಂಟಿನುಂಡೆಯ ಡಬ್ಬಿ ಇತ್ತು. ಕೊನೆಗೆ ಒಂದು ಕಬ್ಬಿಣದ ಅಗ್ಗಿಷ್ಟಿಕೆ ಮತ್ತು ಚೀಲದ ತುಂಬ ಇದ್ದಿಲು. ಕಂಡಕ್ಟರ್ ಇದ್ದಿಲಿಗೆ ಲಗೇಜ್ ಟಿಕೆಟ್ ಹರಿಯಲು ಬಂದಾಗ ಅದು ಬಾಣಂತಿಯ ಔಷಧ ಎಂದು ವಾದ ಮಾಡಿದಳಂತೆ. ಗೆದ್ದಳಂತೆ ಕೂಡ.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮಲ್ಲಿಯ ಪದ್ಧತಿ. ಆದರೆ ನನಗೆ ಬಿ.ಪಿ. ಏರಿದ್ದರಿಂದ ಡಾಕ್ಟರು ದೂರದ ಪ್ರಯಾಣ ಬೇಡ ಎಂದಿದ್ದರು. ನಾನು ತವರಿಗೆ ಹೋಗಲಾಗಲಿಲ್ಲ, ತವರೇ ಬಸ್ಸು ಹತ್ತಿ ಬಂತು.

ಬಂದ ತವರಿಗೆ ಕಾಲು ಚಾಚಲು ಮಾತ್ರ ಜಾಗ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಾವು ಬಿಟಿಎಂ ಲೇಔಟಿನಲ್ಲಿದ್ದೆವು. ಬಾಡಿಗೆ ಕೈಗೆಟುಕದೆ ಉತ್ತರಹಳ್ಳಿಯ ಈ ಶೀಟ್ ಮನೆಗೆ ಬಂದೆವು. ಮುಂದೆ ಓನರರ ಮೂರಂತಸ್ತಿನ ಮನೆ, ಅದರ ಪಕ್ಕದ ಓಣಿಯಲ್ಲಿ ಒಂದೇ ಸಾಲಾಗಿ ಬಾಡಿಗೆ ಮನೆಗಳು. ಸಿಮೆಂಟ್ ಇಟ್ಟಿಗೆಯ ಗೋಡೆ, ಮೇಲೆ ಸಿಮೆಂಟ್ ಶೀಟು. ಒಂದು ಕೋಣೆ, ಒಂದು ಅಡುಗೆ ಮೂಲೆ, ಅಂಗೈಯಗಲದ ಕಿಟಕಿ. ನಾನು ಹೆರಿಗೆಗೆ ಮೊದಲು ಬಿಟಿಎಂನ ಒಂದು ಆಫೀಸಿನಲ್ಲಿ ಕಂಪ್ಯೂಟರಿಗೆ ಬಿಲ್ಲು ತುಂಬುವ ಕೆಲಸ ಮಾಡುತ್ತಿದ್ದೆ. ನನ್ನ ಗಂಡ ಮಾಡುವುದು ಎ.ಸಿ. ಸರ್ವಿಸ್. ನಗಬೇಡಿ. ಬೇಸಿಗೆ ಬಂತೆಂದರೆ ಜಯನಗರ, ಜೆ.ಪಿ. ನಗರದ ಮನೆಗಳನ್ನೆಲ್ಲ ತಂಪು ಮಾಡಿ, ರಾತ್ರಿ ಬಂದು ಈ ಶೀಟಿನ ಕೆಳಗೆ ಒದ್ದೆ ಟವಲು ಹೊದ್ದು ಮಲಗುವ ಮನುಷ್ಯ ಅವರು. ಜಯನಗರದಲ್ಲಿ ಮರಗಳ ಕೆಳಗೆ ಗಾಡಿ ಓಡಿಸಿಕೊಂಡು ಬರುವಾಗ ಸುಖವಾಗಿರುತ್ತದೆ, ನಮ್ಮ ಓಣಿಗೆ ತಿರುಗಿದ ಕೂಡಲೇ ಕುಕ್ಕರಿನ ಮುಚ್ಚಳ ತೆಗೆದ ಹಾಗಾಗುತ್ತದೆ ಎನ್ನುತ್ತಿದ್ದರು.

ಓನರು ಉತ್ತರಹಳ್ಳಿಯ ಹಳೆಯ ಬೇಸಾಯದ ಮನೆತನದವರು. ಈಗ ಲೇಔಟ್ ಆಗಿರುವ ಜಾಗದಲ್ಲಿ ಒಂದು ಕಾಲಕ್ಕೆ ರಾಗಿ, ಅವರೆ ಬೆಳೆದವರು. ಹೊಲ ಹೋದರೂ ಎರಡು ಸೀಮೆಹಸು ಉಳಿಸಿಕೊಂಡಿದ್ದರು. ಎತ್ತರದ ಆಳು, ಬಿಳಿ ಪಂಚೆ, ಮಾತು ಸ್ವಲ್ಪ ಜೋರು, ಮನಸ್ಸು ಕೆಟ್ಟದ್ದಲ್ಲ. ಸೆಕೆ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ತಮ್ಮ ಚಿಕ್ಕಂದಿನಲ್ಲಿ ಈ ಊರಿನಲ್ಲಿ ಫ್ಯಾನೇ ಇರಲಿಲ್ಲ, ಮೇ ತಿಂಗಳಲ್ಲೂ ಕಂಬಳಿ ಹೊದೆಯುತ್ತಿದ್ದೆವು ಎಂದು ಶುರು ಮಾಡುತ್ತಿದ್ದರು. ನಮ್ಮ ಅವ್ವನೂ ಅವರೂ ಒಂದೇ ಮಾತಿನವರು. ಒಬ್ಬರು ಬೆಂಗಳೂರನ್ನು ನೋಡದೆ ಥಂಡಿ ಎನ್ನುತ್ತಿದ್ದರು, ಇನ್ನೊಬ್ಬರು ಇದೇ ಊರಿನಲ್ಲಿದ್ದುಕೊಂಡು ಎನ್ನುತ್ತಿದ್ದರು.

ಮಗಳು ಹುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅವ್ವ ಅಧಿಕಾರ ವಹಿಸಿಕೊಂಡಳು. ಕಿಟಕಿ ಮುಚ್ಚಿದಳು. ಮುಚ್ಚಿದ ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದಳು. ಫ್ಯಾನು ಹಾಕಿದರೆ ಸನ್ನಿಯಾಗುತ್ತದೆ ಎಂದು ಸ್ವಿಚ್ಚಿನ ಮೇಲೆ ಕೌದಿಯ ಮೂಲೆ ಇಳಿಬಿಟ್ಟಳು. ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಕೆಂಡ ಮಾಡಿದಳು. ನನ್ನ ಕಿವಿಯಲ್ಲಿ ಹತ್ತಿ, ತಲೆಗೆ ಶಾಲು. ಕೂಸಿಗೆ ಮೂರು ಪದರ ಬಟ್ಟೆ, ಅದರ ಮೇಲೆ ಕುಂಚಿಗೆ. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ ಎಂದು ನನಗೆ ಸಿಗುತ್ತಿದ್ದದ್ದು ಕಾಯಿಸಿದ ಅಜವಾನದ ನೀರು, ಅದೂ ಗುಟುಕಿನ ಲೆಕ್ಕದಲ್ಲಿ.

ಓನರಮ್ಮ, ಅಂದರೆ ಓನರರ ಹೆಂಡತಿ, ದಿನಾ ಹಾಲು ಕೊಡಲು ಬರುತ್ತಿದ್ದರು. ಇದನ್ನೆಲ್ಲ ನೋಡಿ ಮೆಚ್ಚಿಕೊಂಡರು. ಮೆಚ್ಚಿದ್ದಷ್ಟೇ ಅಲ್ಲ, ಪೈಪೋಟಿಗೂ ಬಿದ್ದರು. ಅವ್ವ ಅಂಟಿನುಂಡೆ ಕೊಟ್ಟರೆ ಅವರು ಮೆಣಸಿನ ಸಾರು ತಂದರು. ಅವರು ಬೆಳ್ಳುಳ್ಳಿ ಸುಟ್ಟು ತಂದ ದಿನ ಅವ್ವ ಬೆಳ್ಳುಳ್ಳಿಯನ್ನು ತುಪ್ಪದಲ್ಲಿ ಹುರಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು. ಬಾಣಂತಿ ಹೇಳಿದ ಮಾತು ಕೇಳುವುದಿಲ್ಲ ಎನ್ನುವ ವಿಚಾರ ಬಂದರೆ ಮಾತ್ರ ಇಬ್ಬರಿಗೂ ಪೂರ್ತಿ ತಿಳಿಯುತ್ತಿತ್ತು.

ಮಂಚದ ಕೆಳಗೆ ಕೆಂಡ, ಮಂಚದ ಮೇಲೆ ಶೀಟು, ನಡುವೆ ನಾನು. ರೊಟ್ಟಿಯಾದರೆ ಒಂದು ಸಲ ಮಗುಚುತ್ತಾರೆ, ನನಗೆ ಆ ಭಾಗ್ಯವೂ ಇರಲಿಲ್ಲ. ಹನ್ನೊಂದು ಗಂಟೆ ದಾಟಿತೆಂದರೆ ಶೀಟಿನಿಂದ ಝಳ ಇಳಿಯಲು ಶುರುವಾಗುತ್ತಿತ್ತು, ಸಂಜೆ ಕಳೆದರೂ ನಿಲ್ಲುತ್ತಿರಲಿಲ್ಲ. ನನ್ನ ಬೆವರು ಕಂಡಾಗಲೆಲ್ಲ ಅವ್ವ, ಮೈಯೊಳಗಿನ ನಂಜು ಹೊರಗೆ ಬರುತ್ತಿದೆ ಎಂದು ಸಂತೋಷಪಡುತ್ತಿದ್ದಳು.

ಅವ್ವನನ್ನು ಬೈಯುವುದು ಸುಲಭ, ಆದರೆ ಅವಳ ಲೆಕ್ಕ ಪೂರ್ತಿ ತಪ್ಪಲ್ಲ. ನಮ್ಮೂರಿನ ಮನೆಯ ಗೋಡೆ ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಎಂಥ ಬಿಸಿಲಿದ್ದರೂ ಒಳಗಿನ ಕತ್ತಲ ಕೋಣೆಯಲ್ಲಿ ತಣ್ಣಗಿರುತ್ತದೆ. ಅಲ್ಲಿ ಬಾಣಂತಿಯ ಕೆಳಗೆ ಕೆಂಡ ಇಟ್ಟರೆ ಹಿತವಾಗಿಯೇ ಇರುತ್ತದೆ. ಅವ್ವ ಪದ್ಧತಿಯನ್ನು ಬಸ್ಸಿನಲ್ಲಿ ತಂದಳು, ಮಾಳಿಗೆಯನ್ನು ತರಲಾಗಲಿಲ್ಲ.

ನನ್ನ ಗಂಡ ಒಂದು ಭಾನುವಾರ ಶೀಟಿನ ಮೇಲೆ ನೀರು ಹೊಯ್ದರು. ಓನರು ಓಡಿ ಬಂದರು. ಟ್ಯಾಂಕರ್ ನೀರು, ಕುಡಿಯೋದಕ್ಕೇ ಸಾಲದು, ಶೀಟಿಗೆ ಸ್ನಾನ ಮಾಡಿಸುತ್ತೀರಾ ಎಂದು ಕೇಳಿದರು. ಅದೂ ನ್ಯಾಯವೇ. ಹಾಗಾದರೆ ಮೇಲೆ ಸೊಪ್ಪೋ ಹುಲ್ಲೋ ಏನಾದರೂ ಹೊದಿಸಿ ಎಂದು ಇವರು ಕೇಳಿದರು. ಭಾರ ಬಿದ್ದರೆ ಶೀಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಸೋರುತ್ತದೆ, ಆಮೇಲೆ ನೀವೇ ನನ್ನನ್ನು ಬೈಯುತ್ತೀರಿ ಎಂದು ಓನರು ಹೇಳಿದರು. ಅದೂ ಸರಿಯೆಂದು ತೋರಿ ಇವರು ಸುಮ್ಮನಾದರು.

ಒಂದು ಮಧ್ಯಾಹ್ನ ಕೂಸು ಹಾಲು ಬಿಟ್ಟಿತು. ಬಾಯಿಗಿಟ್ಟರೆ ಎರಡು ಸಲ ಚೀಪಿ ನಿದ್ದೆ ಹೋಗುತ್ತಿತ್ತು. ಮೈ ಕಾದ ಹಂಚು. ಸೊಂಟಕ್ಕೆ ಕಟ್ಟಿದ ಬಟ್ಟೆ ಬೆಳಿಗ್ಗೆಯಿಂದ ಒಣಗಿದ್ದು ಒಣಗಿದಂತೆಯೇ ಇತ್ತು. ಅವ್ವ ದೃಷ್ಟಿ ತೆಗೆದಳು. ಆಮೇಲೆ ಇನ್ನೊಂದು ಶಾಲು ಹೊದಿಸಿದಳು. ನನಗೆ ಸಿಟ್ಟು ತಡೆಯಲಾಗದೆ ಕೂಸನ್ನೆತ್ತಿಕೊಂಡು ಆಟೋ ಹತ್ತಿದೆ, ಕಿವಿಯ ಹತ್ತಿಯನ್ನೂ ತೆಗೆಯದೆ. ಅವ್ವ ಹಿಂದೆಯೇ ಓಡಿಬಂದು ಹತ್ತಿಕೊಂಡಳು.

ಆರೋಗ್ಯ ಕೇಂದ್ರದ ಡಾಕ್ಟರಮ್ಮ ಕೂಸನ್ನು ಮೇಜಿನ ಮೇಲೆ ಮಲಗಿಸಿ ಬಟ್ಟೆ ಬಿಚ್ಚುತ್ತ ಹೋದರು. ಈರುಳ್ಳಿ ಸುಲಿದ ಹಾಗೆ ಪದರದ ಮೇಲೆ ಪದರ ಬಂತು. ಕೊನೆಗೆ ಸಿಕ್ಕ ನನ್ನ ಮಗಳು ಮೈತುಂಬ ಬೆವರುಸಾಲೆ ಎದ್ದು ಕೆಂಪಗಿದ್ದಳು. ಪರೀಕ್ಷೆ ಮಾಡಿ, ರಕ್ತ ನೋಡಿ, ಸೋಂಕು ಏನೂ ಇಲ್ಲ, ಮಗುವಿಗೆ ಸೆಕೆ ತಾಗಿದೆ, ಮೈಯಲ್ಲಿ ನೀರು ಕಡಿಮೆಯಾಗುತ್ತಿದೆ ಎಂದರು. ಕುಂಚಿಗೆ ಬೇಡ, ಕೆಂಡ ಬೇಡವೇ ಬೇಡ, ತಾಯಿ ಬೇಕಾದಷ್ಟು ನೀರು ಕುಡಿಯಬೇಕು, ಮತ್ತೆ ಮತ್ತೆ ಹಾಲೂಡಿಸಬೇಕು. ಮಗು ಸರಿಯಾಗಿ ಉಚ್ಚೆ ಮಾಡುತ್ತಿದೆಯಾ ನೋಡುತ್ತಿರಿ, ಬಟ್ಟೆ ಒದ್ದೆಯಾಗುತ್ತಿದ್ದರೆ ಹೆದರಬೇಡಿ, ಆಗದಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ ಎಂದರು. ಕೊನೆಯಲ್ಲಿ, ತಂಪಾದ ಕೋಣೆಯಲ್ಲಿ ಮಲಗಿಸಿ ಎಂದರು. ಹೇಳಿದ್ದೆಲ್ಲ ಸರಿಯೇ. ತಂಪಾದ ಕೋಣೆಯನ್ನು ಮಾತ್ರ ಯಾವ ಮೆಡಿಕಲ್ ಶಾಪಿನಲ್ಲಿ ತೆಗೆದುಕೊಳ್ಳಬೇಕೆಂದು ಚೀಟಿಯಲ್ಲಿ ಬರೆದಿರಲಿಲ್ಲ.

ಮನೆಗೆ ಬಂದವಳೇ ಅವ್ವ ಅಗ್ಗಿಷ್ಟಿಕೆ ಎತ್ತಿ ಹೊರಗಿಟ್ಟಳು, ಕಿಟಕಿಯ ಸೀರೆ ಕಿತ್ತಳು, ಸ್ವಿಚ್ಚಿನ ಮೇಲಿನ ಕೌದಿ ಸರಿಸಿದಳು. ಆಮೇಲೆ ಮೂಲೆಯಲ್ಲಿ ಕೂತು ಸಣ್ಣ ದನಿಯಲ್ಲಿ ಕೇಳಿದಳು.

"ನನ್ನ ಕೈಯಿಂದನ ಆತೇನ ಇದು?"

"ಪತ್ರಾಸಿನಿಂದ ಆತು ಬೇ" ಎಂದು ಮೇಲಿನ ಶೀಟು ತೋರಿಸಿದೆ. ಅವಳಿಗೆ ಸಮಾಧಾನವಾಗಲಿಲ್ಲ. ಜೀವಮಾನದಲ್ಲಿ ಊರಿನ ಎಷ್ಟೋ ಬಾಣಂತಿಯರನ್ನು ಎತ್ತಿ ನಿಲ್ಲಿಸಿದವಳು, ಸ್ವಂತ ಮಗಳ ಹತ್ತಿರ ಬಂದು ಸೋತೆ ಎಂದುಕೊಂಡಿದ್ದಳು. ಅವಳನ್ನು ಹಾಗೆ ನೋಡಿ ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಮರುದಿನ ಮಧ್ಯಾಹ್ನ ಅವ್ವ, ನೆಲಕ್ಕೆ ಸಗಣಿ ಸಾರಿಸಿದರೆ ಕೋಣೆ ತಂಪಾದೀತು ಎಂದು ಬಕೆಟ್ಟು ಹಿಡಿದು ಹೊರಟಳು. ಸಿಮೆಂಟ್ ನೆಲಕ್ಕೆ ಸಗಣಿಯೇ ಎಂದು ನಾನು ಕೇಳುವಷ್ಟರಲ್ಲಿ ಓನರರ ಮನೆಯ ಹಿಂದಕ್ಕೆ ಹೋಗಿಬಿಟ್ಟಿದ್ದಳು. ಹಸುಗಳ ಕೊಟ್ಟಿಗೆ ಅಲ್ಲಿತ್ತು. ಬಾಡಿಗೆಯವರಿಗೆ ಅತ್ತ ಹೋಗುವ ಕೆಲಸವೇ ಇರಲಿಲ್ಲ, ಹಾಲು ಬಾಗಿಲಿಗೇ ಬರುತ್ತಿತ್ತಲ್ಲ. ಹೋದ ಅವ್ವ ಬರಲಿಲ್ಲ. ಬಹಳ ಹೊತ್ತು ಕಾದೆ. ಮಗಳ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ, ಹಸು ಏನಾದರೂ ಹಾಯಿತೋ, ಅವ್ವನಿಗೆ ದಾರಿ ತಪ್ಪಿತೋ ಎಂದೆಲ್ಲ ಯೋಚಿಸಿ, ಕೊನೆಗೆ ಕೂಸನ್ನೆತ್ತಿಕೊಂಡು ಹುಡುಕಲು ಹೊರಟೆ.

ಅವ್ವ ಕೊಟ್ಟಿಗೆಯಲ್ಲಿ ಮಲಗಿದ್ದಳು. ಒಣಹುಲ್ಲಿನ ಮೇಲೆ, ಖಾಲಿ ಬಕೆಟ್ಟಿನ ಪಕ್ಕದಲ್ಲಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಹಸುವೊಂದು ಅವಳನ್ನು ನೋಡುತ್ತ ಮೆಲುಕು ಹಾಕುತ್ತಿತ್ತು. ನಗು ಬಂತು. ಒಳಗೆ ಕಾಲಿಟ್ಟ ಮೇಲೆ ನಗು ನಿಂತಿತು. ಅಲ್ಲಿ ತಂಪಿತ್ತು. ಬರೀ ತಂಪಲ್ಲ, ಹಾಯಾಗಿತ್ತು. ತಲೆಯೆತ್ತಿ ನೋಡಿದೆ. ಕೊಟ್ಟಿಗೆಗೂ ನಮ್ಮ ಮನೆಯಂಥದೇ ಶೀಟು, ಆದರೆ ಅದರ ಮೇಲೆ ಬಿದಿರು ಕಟ್ಟಿ ದಟ್ಟವಾಗಿ ತೆಂಗಿನ ಗರಿ ಹೊದಿಸಿದ್ದರು, ತುದಿಗಳು ಅಂಚಿನಿಂದ ಕೆಳಗೆ ಜೋತಿದ್ದವು. ಬಿಸಿಲು ಬೀಳುವ ಕಡೆ ಒದ್ದೆ ಗೋಣಿತಾಟು ಇಳಿಬಿಟ್ಟಿದ್ದರು. ಮೇಲೆ ಒಂದು ಫ್ಯಾನು ತಿರುಗುತ್ತಿತ್ತು. ಒಂದು ಪಕ್ಕದಲ್ಲಿ ಹೊಂಗೆ ಮರದ ನೆರಳು. ಹುಲ್ಲಿನ ಮೇಲೆ ಕೂತು ಮಗಳನ್ನು ಎದೆಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟು ಹಾಲು ಕುಡಿಯತೊಡಗಿದಳು, ಗುಟುಕಿನ ಸದ್ದು ಕೇಳಿಸುವ ಹಾಗೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಹಸುವಿನ ಎದುರು ಅಳಲು ನಾಚಿಕೆ ಏನಿದೆ?

ಅಂದಿನಿಂದ ಊಟವಾದ ಕೂಡಲೇ ನಮ್ಮ ಮೆರವಣಿಗೆ ಕೊಟ್ಟಿಗೆಗೆ ಹೊರಡುತ್ತಿತ್ತು. ಅವ್ವ ಕಂಬದಿಂದ ಕಂಬಕ್ಕೆ ಸೀರೆಯ ಜೋಲಿ ಕಟ್ಟಿದಳು. ಓನರಮ್ಮ ನೋಡಿಯೂ ನೋಡದ ಹಾಗಿದ್ದರು, ಜೋಲಿಯ ಕೆಳಗೆ ಹಾಸಲು ಒಂದು ಚಾಪೆಯನ್ನೂ ತಂದುಕೊಟ್ಟರು. ಮಗಳ ಬಟ್ಟೆ ಒದ್ದೆಯಾಗತೊಡಗಿತು. ಪ್ರತಿ ಒದ್ದೆ ಬಟ್ಟೆಯನ್ನೂ ಅವ್ವ ನನ್ನ ಮೂಗಿನ ಹತ್ತಿರ ಹಿಡಿದು ತೋರಿಸಿಯೇ ಒಗೆಯಲು ಹಾಕುತ್ತಿದ್ದಳು.

ಈ ಸುಖ ಹೆಚ್ಚು ದಿನ ನಡೆಯಲಿಲ್ಲ. ಒಂದು ದಿನ ಓನರು ಬೇಗನೆ ಹಾಲು ಕರೆಯಲು ಬಂದವರು ಜೋಲಿ ಕಂಡು ಬಾಗಿಲಲ್ಲೇ ನಿಂತರು. ಹೊಸಬರನ್ನು ಕಂಡರೆ ಹಸು ಬೆದರಿಕೊಂಡು ಹಾಲು ಬಿಡದೆ ಏರಿಸಿಕೊಳ್ಳುತ್ತದೆ ಎಂದರು. ಅವ್ವ ಗರಿ ತೋರಿಸಿ, ನಮ್ಮ ಮನೆಗೆ ಹಾಕಿದರೆ ಶೀಟು ಒಡೆಯುತ್ತದೆ ಎಂದಿರಲ್ಲ, ಇಲ್ಲಿ ಒಡೆಯಲಿಲ್ಲವೇ ಎಂದು ಕೇಳಿದಳು. ಓನರು ತಡವರಿಸಿದರು.

"ಸೀಮೆಹಸು ಅಲ್ವೇನಮ್ಮ, ಸೆಕೆ ತಡ್ಕೊಳಲ್ಲ. ಹಾಲ್ ಕಮ್ಮಿ ಆಗ್ಬಿಡುತ್ತೆ. ದನದ ಡಾಕ್ಟ್ರೇ ಹೇಳಿ ಹಾಕ್ಸಿದ್ದು."

"ನನ್ನ ಮಗಳೂ ಹಾಲ ಕೊಡಾಕೀನ ಅದಾಳ್ರಿ" ಎಂದಳು ಅವ್ವ.

ಜಗಳದ ದನಿಯಲ್ಲಿ ಹೇಳಲಿಲ್ಲ. ಹೊಸ ವಿಷಯ ತಿಳಿಸುವವಳ ಹಾಗೆ ಹೇಳಿದಳು. ಓನರು ನೆಲ ನೋಡಿಕೊಂಡು, ಕೊಟ್ಟಿಗೆಯಲ್ಲಿ ಉಣ್ಣೆಹುಳ ಇರುತ್ತದೆ, ಎಳೆಗೂಸಿಗೆ ಆಗಿಬರುವುದಿಲ್ಲ ಎಂದರು. ಆಮೇಲೆ ನಿಜವಾದ ಕಾರಣ ಹೊರಬಿತ್ತು. ಬಾಡಿಗೆಗಿದ್ದ ಬಾಣಂತಿಯನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದಾನೆ ಎಂದು ಊರವರು ಆಡಿಕೊಂಡರೆ ತಮ್ಮ ಮನೆತನದ ಮರ್ಯಾದೆ ಏನಾಗಬೇಕು? ದಯವಿಟ್ಟು ಒಳಗೇ ಮಲಗಿ ಎಂದು ಕೈ ಮುಗಿದರು. ಸಂಜೆಗೆ ತಮ್ಮ ನಡುಮನೆಯಲ್ಲಿದ್ದ ದೊಡ್ಡ ಟೇಬಲ್ ಫ್ಯಾನನ್ನು ತಾವೇ ಹೊತ್ತು ತಂದು ನಮ್ಮ ಕೋಣೆಯಲ್ಲಿ ಇಟ್ಟರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟರು. ಅದು ಶೀಟಿನ ಝಳವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಹಳ ಶ್ರದ್ಧೆಯಿಂದ ಹಂಚಿತು.

ಬಾಣಂತಿ ಶೀಟಿನ ಕೆಳಗೆ ಬೆಂದರೆ ಮನೆತನಕ್ಕೆ ಏನೂ ಆಗುವುದಿಲ್ಲ, ಹಸುವಿನ ಪಕ್ಕ ತಣ್ಣಗೆ ಮಲಗಿದರೆ ಮರ್ಯಾದೆ ಹೋಗುತ್ತದೆ. ಈ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವರೊಬ್ಬರದೇ ತಪ್ಪೆಂದೂ ಹೇಳಲಾರೆ. ಹಸುವಿಗೆ ಸೆಕೆಯಾದರೆ ಮನೆಗೆ ಬಂದು ನೋಡಿ, ಗರಿ ಹಾಕು, ಫ್ಯಾನು ಹಾಕು, ಗೋಣಿ ನೆನೆಸು ಎಂದು ಹೇಳಲು ಒಬ್ಬ ಡಾಕ್ಟರು ಇದ್ದರು. ಆ ಬೀದಿಯ ಶೀಟ್ ಸಾಲುಗಳಲ್ಲಿ ಎಷ್ಟು ಬಸುರಿಯರು, ಎಷ್ಟು ಎಳೆಗೂಸುಗಳು ಇದ್ದವೆಂದು ಕೇಳಿ, ತಲೆಯೆತ್ತಿ ಮಾಡಿನ ಕಡೆ ನೋಡಿದವರು ಯಾರೂ ಇರಲಿಲ್ಲ.

ಒಳಗೆ ಬಂದ ಮೇಲೆ ಮಗಳು ಮತ್ತೆ ಬಾಡಿದಳು. ಹಾಲು ಕುಡಿಯುವುದು ಕಡಿಮೆಯಾಯಿತು, ಬಟ್ಟೆ ಒದ್ದೆಯಾಗುವುದು ನಿಂತಿತು. ಡಾಕ್ಟರಮ್ಮನ ಹತ್ತಿರ ಮತ್ತೆ ಹೋದೆವು. ಇನ್ನೆರಡು ದಿನ ನೋಡೋಣ, ಸರಿಹೋಗದಿದ್ದರೆ ಅಡ್ಮಿಟ್ ಮಾಡಲೇಬೇಕು ಎಂದರು. ನನ್ನ ಗಂಡ ಆಸ್ಪತ್ರೆಗೆ ಬೇಕಾಗುವ ಬಟ್ಟೆಬರೆಯನ್ನು ಬ್ಯಾಗಿಗೆ ತುಂಬಿ ಬಾಗಿಲ ಹತ್ತಿರ ಇಟ್ಟರು. ಆ ಬ್ಯಾಗು ಕಂಡಾಗಲೆಲ್ಲ ಮಗಳ ಕೈ ಹಿಡಿದು ನೋಡುತ್ತಿದ್ದೆ. ಅಷ್ಟು ಚಿಕ್ಕ ಕೈಯಲ್ಲಿ ಸೂಜಿ ಎಲ್ಲಿ ಚುಚ್ಚುತ್ತಾರೆ?

ಮರುದಿನ ತೊಟ್ಟಿಲ ಶಾಸ್ತ್ರ ಇತ್ತು. ಇಂಥ ಹೊತ್ತಿನಲ್ಲಿ ಬೇಡ ಎಂದೆ. ಅವ್ವ ಕೇಳಲಿಲ್ಲ. ಹೆಸರಿಡದ ಕೂಸನ್ನು ಆಸ್ಪತ್ರೆಗೆ ಕಳಿಸುವುದಿಲ್ಲ ಎಂದು ಹಟ ಹಿಡಿದಳು. ಓನರರ ಮನೆಗೆ ತಾನೇ ಹೋಗಿ ಗಂಡ ಹೆಂಡತಿ ಇಬ್ಬರಿಗೂ ಕುಂಕುಮ ಕೊಟ್ಟು ಊಟಕ್ಕೆ ಕರೆದು ಬಂದಳು. ಊಟದ ಹೊತ್ತು ಮಧ್ಯಾಹ್ನ ಒಂದೂವರೆ. ಯಾಕೆ ಆ ಹೊತ್ತನ್ನೇ ಆರಿಸಿದೆ ಎಂದು ಕೇಳಿದರೆ ಇವತ್ತಿಗೂ ಅವ್ವ, ಗಳಿಗೆ ಅದೇ ಇತ್ತು ಎನ್ನುತ್ತಾಳೆ. ಯಾವ ಪಂಚಾಂಗದಲ್ಲಿ ನೋಡಿದಳೋ ದೇವರೇ ಬಲ್ಲ.

ಓನರು ಇಸ್ತ್ರಿ ಮಾಡಿದ ಅಂಗಿ, ಹೊಸ ಪಂಚೆ ಉಟ್ಟು ಬಂದರು. ಮುಯ್ಯಿ ಕೊಟ್ಟು, ಒಂದು ಚೂರು ಸಿಹಿ ಬಾಯಿಗೆ ಹಾಕಿಕೊಂಡು ಹೊರಡುವ ಅಂದಾಜಿನಲ್ಲಿದ್ದರು. ಅವ್ವ ಎಲೆ ಹಾಸಿ ಕೂರಿಸಿಯೇಬಿಟ್ಟಳು. ಕೋಣೆಯೊಳಗೆ ಓನರು, ಓನರಮ್ಮ, ನನ್ನ ಗಂಡ, ಸಾಲಿನ ಮನೆಯ ಒಂದಿಬ್ಬರು. ಎಲೆಗೆ ಬಿಸಿ ಹೋಳಿಗೆ, ಅದರ ಮೇಲೆ ಬಿಸಿ ತುಪ್ಪ. ಎಣ್ಣೆಗಾಯಿ, ಹಬೆಯಾಡುವ ಅನ್ನ, ಹೊಗೆಯಾಡುವ ಕಟ್ಟಿನ ಸಾರು. ಸಾರಿಗೆ ಅವ್ವ ಊರಿನ ಖಾರ ಹಾಕಿದ್ದಳು.

ಎರಡನೆಯ ತುತ್ತಿಗೆ ಓನರರ ಹಣೆಯಲ್ಲಿ ನೀರಾಡಿತು. ಹೋಳಿಗೆ ಮುಗಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಅವರದೇ ಫ್ಯಾನು ಅವರ ಮುಖಕ್ಕೇ ಬಿಸಿಗಾಳಿ ಬೀಸುತ್ತಿತ್ತು. ಏಳಬೇಕೆಂದರೆ ಪಂಕ್ತಿಯಲ್ಲಿ ಕೂತಿದ್ದಾರೆ, ಎಲ್ಲರ ಊಟ ಮುಗಿಯದೆ ಒಬ್ಬರು ಏಳುವಂತಿಲ್ಲ. ಎಲ್ಲರದೂ ಮುಗಿಯುತ್ತ ಬಂದಿತ್ತು, ಓನರಮ್ಮನೊಬ್ಬರನ್ನು ಬಿಟ್ಟು. ಅವರು ಒಂದೊಂದೇ ಅಗುಳನ್ನು ಎಣಿಸುವವರ ಹಾಗೆ ಉಣ್ಣುತ್ತಿದ್ದರು. ನಡುನಡುವೆ ಅವ್ವನ ಹತ್ತಿರ ಎಣ್ಣೆಗಾಯಿ ಮಾಡುವುದು ಹೇಗೆಂದು ವಿಚಾರಿಸುತ್ತಿದ್ದರು. ಅವ್ವನೂ ಶೇಂಗಾ ಹುರಿಯುವುದರಿಂದ ಶುರುಮಾಡಿ ವಿವರವಾಗಿ ಹೇಳುತ್ತಿದ್ದಳು. ಓನರು ಹೆಂಡತಿಯ ಎಲೆಯನ್ನೇ ನೋಡುತ್ತ ಕೂತಿದ್ದರು. ಓನರಮ್ಮ ಇನ್ನೊಂದು ಸ್ವಲ್ಪ ಅನ್ನ ಹಾಕಿಸಿಕೊಂಡರು.

ಅಷ್ಟರಲ್ಲಿ ತೊಟ್ಟಿಲಲ್ಲಿದ್ದ ಮಗಳು ಅತ್ತಳು. ಅಳು ಎನ್ನುವುದಕ್ಕಿಂತ ನರಳಿದ ಹಾಗಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ನಾನೆತ್ತಿಕೊಂಡು ಹಾಲು ಕೊಡಲು ನೋಡಿದೆ, ಕುಡಿಯಲಿಲ್ಲ. ಓನರು ನಮ್ಮ ಕಡೆ ನೋಡಿದವರು ಮತ್ತೆ ತಲೆ ತಗ್ಗಿಸಲಿಲ್ಲ. ಕೊನೆಗೂ ಊಟ ಮುಗಿದು ಎದ್ದು ನಿಂತಾಗ, ಎತ್ತರದ ಮನುಷ್ಯ, ಶಲ್ಯ ಹೆಗಲಿಗೆ ಹಾಕಿಕೊಳ್ಳುವಾಗ ಗೋಡೆಯ ಕಡೆ ಇಳಿಜಾರಾಗಿದ್ದ ಶೀಟಿಗೆ ಅವರ ಕೈ ತಾಗಿತು. ಥಟ್ಟನೆ ಹಿಂದಕ್ಕೆಳೆದುಕೊಂಡರು. ಆಮೇಲೆ ಬೇಕೆಂದೇ ಇನ್ನೊಮ್ಮೆ ಮುಟ್ಟಿ ನೋಡಿದರು.

"ಹಗಲೆಲ್ಲ ಹಿಂಗೇ ಇರುತ್ತೇನಮ್ಮ?" ಎಂದು ನನ್ನನ್ನು ಕೇಳಿದರು. ಹೌದೆಂದೆ. ಕೈ ತೊಳೆದು ಹೊರಟುಹೋದರು. ಎಲೆ ಅಡಿಕೆಯನ್ನೂ ತೆಗೆದುಕೊಳ್ಳಲಿಲ್ಲ. ಓನರಮ್ಮ ಮಾತ್ರ ಎರಡು ಪಾಲು ತೆಗೆದುಕೊಂಡು, ಅವ್ವನ ಕೈ ಒಮ್ಮೆ ಒತ್ತಿ ಹೋದರು.

ಮರುದಿನ ಬೆಳಕು ಹರಿಯುವಾಗಲೇ ಮಾಡಿನ ಮೇಲೆ ಸದ್ದಾಯಿತು. ಹೊರಗೆ ಬಂದು ನೋಡಿದರೆ ಏಣಿ ಹಾಕಿಕೊಂಡು ಓನರೇ ನಿಂತಿದ್ದರು, ಪಂಚೆ ಎತ್ತಿ ಕಟ್ಟಿ, ತಲೆಗೆ ಟವಲು ಸುತ್ತಿ. ಭಾರ ಶೀಟಿನ ಮೇಲೆ ಬೀಳದಂತೆ ಗೋಡೆಯಿಂದ ಗೋಡೆಗೆ ಬಿದಿರು ಕಟ್ಟಿ, ಅದರ ಮೇಲೆ ಗರಿ ಹೊದಿಸುತ್ತಿದ್ದರು. ಹೊಲ ಬಿಟ್ಟು ಎಷ್ಟು ವರ್ಷವಾಗಿತ್ತೋ, ಕೈ ಮಾತ್ರ ಹಗ್ಗದ ಗಂಟು ಮರೆತಿರಲಿಲ್ಲ. ನನ್ನ ಗಂಡ ಅಂದು ಕೆಲಸಕ್ಕೆ ರಜೆ ಹಾಕಿದ್ದರು. ಅವರು ಕೆಳಗಿನಿಂದ ಗರಿ ಎತ್ತಿ ಕೊಟ್ಟರು. ನಮ್ಮ ಮನೆಯದು ಮುಗಿಯುವಾಗ ಸಾಲಿನ ಉಳಿದ ಮನೆಗಳವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಎಲ್ಲರೂ ಮೇಲೆ ನೋಡುತ್ತಿದ್ದರು. ಓನರು ಅವರನ್ನು ನೋಡಿದರು, ಉಳಿದ ಗರಿ ನೋಡಿದರು, ಏನೋ ಗೊಣಗಿಕೊಂಡು ಕತ್ರಿಗುಪ್ಪೆಯಲ್ಲಿದ್ದ ತಮ್ಮನಿಗೆ ಫೋನು ಹಚ್ಚಿ, ಅವನ ಸೈಟಿನ ತೆಂಗಿನ ಮರದ ಗರಿಯನ್ನೆಲ್ಲ ಕಡಿಸಿ ಕಳಿಸು ಎಂದರು. ಆ ತಮ್ಮ ಏನೋ ತಕರಾರು ತೆಗೆದಿರಬೇಕು. ಬಂದು ನೀನೇ ಒಂದು ಗಂಟೆ ಇಲ್ಲಿ ಕೂತ್ಕೊಂಡು ಊಟ ಮಾಡು, ಆಮೇಲೆ ಮಾತಾಡು ಎಂದು ಇವರು ಗದರಿದ್ದು ಓಣಿಗೆಲ್ಲ ಕೇಳಿಸಿತು.

ಗರಿ ಹಾಕಿದ ಮಾತ್ರಕ್ಕೆ ನಮ್ಮ ಮನೆ ಜಯನಗರವಾಗಲಿಲ್ಲ. ಗರಿ ಒಣಗುತ್ತದೆ, ಇಲಿ ಸೇರುತ್ತದೆ, ವರ್ಷ ವರ್ಷವೂ ಹೊಸದಾಗಿ ಹೊದಿಸಬೇಕು. ಎದುರು ಸಾಲಿನ ಓನರು ಇವತ್ತಿಗೂ ಬರೀ ಶೀಟಿನಲ್ಲೇ ಬಾಡಿಗೆ ಎತ್ತುತ್ತಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆದರೆ ಅಂದು ಹನ್ನೊಂದು ಗಂಟೆ ದಾಟಿತು, ಹನ್ನೆರಡೂ ಆಯಿತು, ಮೇಲಿನಿಂದ ಝಳ ಇಳಿಯಲಿಲ್ಲ. ಮಗಳನ್ನು ಎದೆಗೆ ಹಾಕಿಕೊಂಡೆ. ಮೊದಲು ಸುಮ್ಮನೆ ಚೀಪಿದಳು. ಆಮೇಲೆ ಕುಡಿದಳು. ಸ್ವಲ್ಪ ಮಲಗಿ ಎದ್ದು ಮತ್ತೆ ಕುಡಿದಳು. ಅವ್ವ ಬಟ್ಟೆ ಮುಟ್ಟಿ ನೋಡಿದಳು. ಒಣಗಿತ್ತು. ಸಂಜೆ ಐದಕ್ಕೆ ಆಸ್ಪತ್ರೆಗೆ ಹೋಗಬೇಕಿತ್ತು, ಬ್ಯಾಗು ಬಾಗಿಲಲ್ಲೇ ಇತ್ತು. ಅವ್ವ ಮುಟ್ಟಿ ಮುಟ್ಟಿ ನೋಡುತ್ತ, ಕೊನೆಗೆ ಆ ಬಟ್ಟೆಯನ್ನೇ ಬಿಚ್ಚಿ ಎಸೆದಳು.

ಮಧ್ಯಾಹ್ನದ ಮೇಲೆ ಓನರು ಬಂದರು, ಸ್ನಾನ ಮಾಡಿ, ಬೇರೆ ಬಿಳಿ ಪಂಚೆ ಉಟ್ಟು. ಶೀಟು ಈಗ ಹೇಗಿದೆ ನೋಡೋಣ ಎಂದು ಬಂದದ್ದಂತೆ. ಕೈಯೆತ್ತಿ ಮುಟ್ಟಿ ನೋಡಿ, ತಲೆಯಾಡಿಸಿ ಕೂತರು. ಮನೆಗೆ ಬಂದ ಹಿರಿಯರ ತೊಡೆಯ ಮೇಲೆ ಕೂಸನ್ನು ಹಾಕಿ ಆಶೀರ್ವಾದ ಬೇಡುವುದು ನಮ್ಮಲ್ಲಿಯ ರೂಢಿ. ಅವ್ವ ಮಗಳನ್ನು ಹಾಗೆಯೇ ಬರಿಮೈಯಲ್ಲಿ ಎತ್ತಿ ಅವರ ತೊಡೆಯ ಮೇಲೆ ಮಲಗಿಸಿದಳು. ಅವರು ಹೆದರಿ ಹೆದರಿ ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಗಳು ಅವರ ಮುಖ ನೋಡುತ್ತ ಕಾಲು ಝಾಡಿಸಿದಳು.

ಇದ್ದಕ್ಕಿದ್ದಂತೆ ಓನರರ ಮುಖ ಒಂಥರಾ ಆಯಿತು. ಬಿಳಿ ಪಂಚೆಯ ಮೇಲೆ ಒದ್ದೆ ಅಗಲವಾಗಿ ಹರಡುತ್ತಿತ್ತು. ಅವ್ವ ಅದನ್ನು ನೋಡಿದಳು. ಬಗ್ಗಿ ಕೈಯಿಂದ ಮುಟ್ಟಿದಳು. ನನ್ನ ಕಡೆ ತಿರುಗಿದವಳು ಅಲ್ಲೇ ನೆಲದ ಮೇಲೆ ಕೂತು ಅಳತೊಡಗಿದಳು. ನನ್ನ ಗಂಡ ಗಾಬರಿಯಾಗಿ ಕೂಸನ್ನು ಎತ್ತಿಕೊಳ್ಳಲು ಮುಂದೆ ಬಂದರು. ಓನರು ಅಲುಗಾಡದೆ ಕೂತೇ ಇದ್ದರು.

"ಇರ್ಲಿ ಬಿಡಪ್ಪ" ಎಂದರು. "ಪೂರ್ತಿ ಮಾಡ್ಕೊಳ್ಲಿ."